ನಮ್ಮ ಜಿಲ್ಲೆಯಲ್ಲಿ ಬಿಳಿಯರ ತೋಟ ಇತ್ತಾ? ಮಗಳ ಪ್ರಾಜೆಕ್ಟಿಗೆ ಬೇಕಿತ್ತು

ಕೊಡಿಯಾಲದಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ವಸಾಹತು ಕಾಲದ ತೋಟಗಳು, ಅಲ್ಲಿನ ವಾಣಿಜ್ಯ ಬೆಳೆಗಳು ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪುಸ್ತಕದಲ್ಲಿ ಇರುವುದು ಬಂಗಾಳದ ನೀಲಿ, ಅಸ್ಸಾಮಿನ ಚಹಾ, ಕೆರಿಬಿಯನ್ ದ್ವೀಪಗಳ ಕಬ್ಬು. ಟೀಚರ್ ಮಾತ್ರ "ನಿಮ್ಮ ಊರಿನದ್ದೂ ಒಂದು ಪುಟ ಬರೀಬೇಕು" ಅಂತ ಹೇಳಿ ಕಳಿಸಿದ್ದಾರೆ. ಊರಿನದ್ದು ಅಂದರೆ ಎಂಥ ಬರೆಯುವುದು ಮಾರಾಯ್ರೆ? ಮಂಗಳೂರು, ಉಡುಪಿ ಕಡೆ ಬ್ರಿಟಿಷರು ತೋಟ ಮಾಡಿದ್ದು ಉಂಟಾ? ನಮ್ಮ ಅತ್ತೆ ಅಡಿಕೆ ಅನ್ನುತ್ತಾರೆ, ಇವರು ಗೇರು ಅನ್ನುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಸೋಮವಾರ ಕೊಡಬೇಕು.

ಕುಂದಾಪ್ರದ ಮಾಣಿ
ಸೋಮವಾರ ಕೊಡುವುದನ್ನು ಶನಿವಾರ ರಾತ್ರಿ ಕೇಳುವುದು. ಪ್ರಾಜೆಕ್ಟ್ ಮಗಳದ್ದಾ, ಅಮ್ಮನದ್ದಾ?

ಅಡಿಕೆ ಮರ
ಅಡಿಕೆ ಅಲ್ಲ ಅಕ್ಕ. ಪುತ್ತೂರು, ವಿಟ್ಲ ಕಡೆ ಅಡಿಕೆ ತೋಟ ಬಿಳಿಯರು ಬರುವ ಎಷ್ಟೋ ಮೊದಲೇ ಇತ್ತು. ತೆಂಗೂ ಹಾಗೇ. ಕಾಳುಮೆಣಸಿನ ಕತೆ ಕೇಳುವುದೇ ಬೇಡ, ಪೋರ್ಚುಗೀಸರು ಹಡಗು ಹತ್ತಿ ಬಂದದ್ದೇ ಅದಕ್ಕೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ಆದರೆ ಮೆಣಸನ್ನು ಅವರು ಬೆಳೆಸಲಿಲ್ಲ. ಬೆಳೆಸಿದವರು ನಮ್ಮವರು, ಅವರು ಹೆದರಿಸಿ, ಕಪ್ಪ ವಸೂಲು ಮಾಡಿ, ಕಡಿಮೆ ರೇಟಿಗೆ ಕೊಂಡುಹೋದರು. ಅದು ವ್ಯಾಪಾರ, ತೋಟ ಅಲ್ಲ.

ಬೀಜದ ಫ್ಯಾಕ್ಟರಿ ಮಗಳು
ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ. ಗೇರನ್ನು ಬ್ರೆಜಿಲಿನಿಂದ ತಂದದ್ದು ಪೋರ್ಚುಗೀಸರೇ, 16ನೇ ಶತಮಾನದಲ್ಲಿ. ಆದರೆ ಎಸ್ಟೇಟ್ ಮಾಡಲಿಲ್ಲ. ಗುಡ್ಡೆಯ ಮಣ್ಣು ತೊಳೆದು ಹೋಗದ ಹಾಗೆ ನೆಟ್ಟರು, ಆಮೇಲೆ ಅದು ಹಕ್ಕಿ, ಬಾವಲಿ ಬಾಯಲ್ಲಿ ತಾನಾಗಿ ಹಬ್ಬಿತು.

ಚಾರ್ಮಾಡಿ ತಿರುವು
ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇದ್ದವರು ಓದಿ.

ಕರಾವಳಿಯಲ್ಲಿ ಬಿಳಿಯರ ದೊಡ್ಡ ಎಸ್ಟೇಟ್ ಏಳಲಿಲ್ಲ. ಮೊದಲನೆಯದು ಹವೆ. ಆ ಕಾಲಕ್ಕೆ ದುಡ್ಡು ತರುತ್ತಿದ್ದದ್ದು ಅರೇಬಿಕಾ ಕಾಫಿ. ಅದಕ್ಕೆ ಸಾವಿರ ಮೀಟರ್ ಆಸುಪಾಸಿನ ಎತ್ತರ, ತಂಪು, ಮರದ ನೆರಳು ಬೇಕು. ನಮ್ಮ ಸೆಕೆಗೆ ಅದು ಆಗುವುದಿಲ್ಲ. ಮತ್ತೆ ಜಾಗದ ಪ್ರಶ್ನೆ. ಇಲ್ಲಿ ಗದ್ದೆ, ಬಾಗಾಯ್ತು ಎಲ್ಲ ವರ್ಗದಾರರ, ಅಂದರೆ ಖಾಸಗಿ ಭೂಮಾಲೀಕರ ಕೈಯಲ್ಲಿತ್ತು. ನೂರಾರು ಎಕರೆ ಒಂದೇ ಬೇಲಿಯೊಳಗೆ ಸಿಗುವ ಹಾಗೆ ಇರಲಿಲ್ಲ. ಘಟ್ಟದ ಮೇಲೆ ಹಾಗಲ್ಲ. ಮೈಸೂರು 1831ರಿಂದ 1881ರ ತನಕ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಕೊಡಗು 1834ರಲ್ಲಿ ನೇರ ಕಂಪನಿಯ ಕೈಗೆ ಹೋಯಿತು. ಕಾಡು ಸಿಕ್ಕಿತು, ತೋಟ ಎದ್ದಿತು. ಚಿಕ್ಕಮಗಳೂರು ಕಡೆ 1830ರ ಹೊತ್ತಿಗೆ ಕ್ಯಾನನ್ ಎಂಬ ದೊರೆ, ಮಡಿಕೇರಿಯಲ್ಲಿ 1854ರಲ್ಲಿ ಫೌಲರ್.

ಅದಕ್ಕೂ ಮಂಗಳೂರಿಗೂ ಎಂಥ ಸಂಬಂಧ ಅಂತ ಕೇಳಬೇಡಿ. ಕೆಲಸಕ್ಕೆ ಜನ ಇಲ್ಲಿಂದ ಮೇಲೆ ಹತ್ತಿದರು, ಕಾಫಿ ಮೇಲಿನಿಂದ ಇಲ್ಲಿಗೆ ಇಳಿಯಿತು. ಪಾಠಪುಸ್ತಕ ಬರೆಯುವವರು ಗಿಡ ಎಲ್ಲಿ ಇತ್ತೋ ಅಲ್ಲಿಗೆ ಕತೆ ಮುಗಿಸುತ್ತಾರೆ, ಹಾಗಾಗಿ ನಮ್ಮ ಜಿಲ್ಲೆಗೆ ಒಂದು ಸಾಲೂ ಇಲ್ಲ. ಮಗಳ ಆ ಒಂದು ಪುಟಕ್ಕೆ ಇದನ್ನೇ ಬರೆಸಿ.

ಮೂಡಿಗೆರೆ ಮಳೆ
ಸರ್, ಒಂದು ತಿದ್ದುಪಡಿ. ಕಾಫಿ ತಂದದ್ದು ಬ್ರಿಟಿಷರಲ್ಲ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಎಂಬುದು ಊರಿಗೇ ಗೊತ್ತು. ನಮ್ಮ ಹಿರಿಯರು ಹಿತ್ತಲಲ್ಲಿ ಬೆಳೆಯುತ್ತಿದ್ದರು. ಎಲ್ಲದಕ್ಕೂ ಬಿಳಿಯರ ಹೆಸರು ಹಚ್ಚಬೇಡಿ.

ಚಾರ್ಮಾಡಿ ತಿರುವು
ಗಿಡ ಬಾಬಾ ಬುಡನ್‌ರದ್ದೇ, ಯಾರು ಇಲ್ಲ ಅಂದದ್ದು? ನಾನು ಹೇಳಿದ್ದು ಎಸ್ಟೇಟಿನ ವಿಷಯ. ಹಿತ್ತಲಲ್ಲಿ ಹತ್ತು ಗಿಡ ಇಡುವುದೂ, ಇನ್ನೂರು ಎಕರೆ ಕಾಡು ಕಡಿದು, ಕೂಲಿಯವರಿಗೆ ಸಾಲಾಗಿ ಲೈನ್ ಮನೆ ಕಟ್ಟಿ, ಲೆಕ್ಕ ಬರೆಯುವ ರೈಟರ್ ಇಟ್ಟು, ಲಂಡನ್ನಿನ ರೇಟಿಗೆ ಬೆಳೆ ತೆಗೆಯುವುದೂ ಒಂದೇನಾ?

ಮೂಡಿಗೆರೆ ಮಳೆ
ಕಾಡು ಪೂರ್ತಿ ಕಡಿದದ್ದು ಸಿಲೋನಿನಲ್ಲಿ. ಅಲ್ಲಿ ನೆರಳಿಲ್ಲದೆ ಬೆಳೆದರು, 1869ರಲ್ಲಿ ಎಲೆ ತುಕ್ಕು ರೋಗ ಬಂದು ಇಪ್ಪತ್ತು ವರ್ಷದಲ್ಲಿ ಕಾಫಿಯೇ ಹೋಯಿತು, ಆಮೇಲೆ ಚಹಾ ಹಾಕಿದರು. ನಮ್ಮಲ್ಲಿ ತುಕ್ಕೂ ಬಂತು, ಕಾಂಡಕೊರಕವೂ ಬಂತು, ಆದರೂ ನೆರಳಿನ ಕೆಳಗೆ ಗಿಡ ಉಳಿಯಿತು. 1925ರಲ್ಲಿ ಬಾಳೆಹೊನ್ನೂರು ಕಡೆ ಸಂಶೋಧನಾ ಕೇಂದ್ರ ಆದದ್ದೇ ಈ ರೋಗಗಳ ಕಾಟಕ್ಕೆ. ಅಲ್ಲಿಂದ ಬಂದ ಎಸ್ 795 ಎಂಬ ಕಾಫಿ ತಳಿ ಇವತ್ತಿಗೂ ನಮ್ಮ ತೋಟದಲ್ಲಿ ಉಂಟು.

ಕೊಡಿಯಾಲದಮ್ಮ
ಇಷ್ಟೆಲ್ಲ ಬರುತ್ತದೆ ಅಂತ ಗೊತ್ತಿರಲಿಲ್ಲ, ತುಂಬ ಉಪಕಾರ. ಚಾರ್ಮಾಡಿ ಸರ್, ಜನ ಹತ್ತಿದರು ಅಂದಿರಲ್ಲ, ಅದು ಯಾರು, ಹೇಗೆ ಹೋಗುತ್ತಿದ್ದರು? ಯಾರ ಮನೆಯಲ್ಲಾದರೂ ಹೋದವರು ಇದ್ದಾರಾ?

ನಾವೂರು ಪುಳ್ಳಿ
ನಮ್ಮ ಮನೆಯಲ್ಲಿ ಇದ್ದರು. ನಮ್ಮದು ಬೆಳ್ತಂಗಡಿ ಹತ್ತಿರ. ಅಜ್ಜ, ಅಜ್ಜಿ ಇಬ್ಬರೂ ಘಟ್ಟಕ್ಕೆ ಹೋಗಿ ಬಂದವರು. ಅಜ್ಜಿ ತೀರಿಕೊಳ್ಳುವ ತನಕ ಹೇಳುತ್ತಿದ್ದದ್ದನ್ನು ಬರೆಯುತ್ತೇನೆ.

ಎಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ, ತೋಟಕ್ಕೆ ಆಳು ಕೂಡಿಸುವ ಮೇಸ್ತ್ರಿ ಊರಿಗೆ ಬರುವುದು. ಅವನೂ ನಮ್ಮ ಕಡೆಯವನೇ, ತುಳು ಮಾತಾಡುವವನು, ಯಾರ ಮನೆಯಲ್ಲಿ ಮದುವೆ ಸಾಲ ಉಂಟು, ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ ಅಂತ ಅವನಿಗೆ ಗೊತ್ತು. ಅಂಗಳದಲ್ಲಿ ಕೂತು ವೀಳ್ಯ ಹಾಕಿ ಮುಂಗಡ ಎಣಿಸಿ ಕೊಡುವುದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಆಮೇಲೆ ಗುಂಪು ಕಟ್ಟಿ ಚಾರ್ಮಾಡಿ ಹತ್ತುವುದು, ನಡೆದೇ. ತಲೆಯ ಮೇಲೆ ಚಾಪೆ, ಮಡಕೆ, ಒಣಮೀನಿನ ಕಟ್ಟು. ಮೇಲೆ ಮೀನು ಸಿಗುವುದಿಲ್ಲ ಅಂತ ಅಜ್ಜಿಗೆ ಅದೇ ದೊಡ್ಡ ಚಿಂತೆ.

ಲೈನಿನಲ್ಲಿ ಒಂದು ಕೋಣೆಗೆ ಎರಡು ಸಂಸಾರ. ನಡುವೆ ಹಳೆ ಸೀರೆ ಕಟ್ಟಿಕೊಳ್ಳುವುದು. ಬೆಳಗ್ಗೆ ಗಂಟೆ ಹೊಡೆದ ಕೂಡಲೇ ಸಾಲು ನಿಲ್ಲಬೇಕು, ರೈಟರ್ ಚೆಕ್‌ರೋಲಿನಲ್ಲಿ (ಹಾಜರಿ ಪುಸ್ತಕ) ಹೆಸರು ಕರೆಯುತ್ತಾನೆ, ತಡವಾದರೆ ಆ ದಿನದ ಅರ್ಧ ಹೋಯಿತು. ಹಣ್ಣು ಕೊಯ್ಯುವವರಿಗೆ ಇಂಬಳದ (ಜಿಗಣೆ) ಕಾಟ. ಸುಣ್ಣ, ಹೊಗೆಸೊಪ್ಪು ಕಾಲಿಗೆ ಉಜ್ಜಿಕೊಂಡು ಹೋಗುವುದು. ಸಂಜೆ ಡಬ್ಬದಲ್ಲಿ ಅಳೆಯುವಾಗ ಮೇಸ್ತ್ರಿ ಡಬ್ಬವನ್ನು ಕುಲುಕಿ ಕುಲುಕಿ ತಗ್ಗಿಸುತ್ತಿದ್ದನಂತೆ, ಇನ್ನೊಂದು ಬೊಗಸೆ ಹಿಡಿಯಲಿ ಅಂತ. ಅಜ್ಜಿ ತೊಂಬತ್ತರ ಹತ್ತಿರ ಆದರೂ ಆ ಕುಲುಕುವುದನ್ನು ಕೈಯಲ್ಲಿ ಮಾಡಿ ತೋರಿಸಿ ಬೈಯುತ್ತಿದ್ದರು.

ಕೊಟ್ಟ ಕಂಬಳಿಯ ದುಡ್ಡು ಕೂಲಿಯಲ್ಲಿ ಕಡಿತ. ಅಕ್ಕಿಯದ್ದೂ ಕಡಿತ. ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಕೆಳಗೆ ಇಳಿಯುವಾಗ ಮುಂಗಡ ತೀರಿರುವುದಿಲ್ಲ, ಅಂದರೆ ಮರುವರ್ಷ ಮತ್ತೆ ಹತ್ತಬೇಕು. ಅಜ್ಜನ ತಮ್ಮ ಒಬ್ಬರು ಹೋದವರು ಬರಲಿಲ್ಲ, ಚಳಿಜ್ವರ.

ಧಕ್ಕೆ ಬದಿ
ಓದಿ ಬೇಜಾರಾಯಿತು ಮಾರಾಯ್ರೆ.

ಚಾರ್ಮಾಡಿ ತಿರುವು
ಪುಳ್ಳಿಯವರು ಹೇಳಿದ ಮುಂಗಡದ ಹಿಂದೆ ಕಾನೂನೇ ಇತ್ತು. 1859ರ 13ನೇ ಕಾಯ್ದೆ. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟು ಓಡಿದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು, ದುಡ್ಡು ವಾಪಸು ಕೊಡು ಅಥವಾ ಕೆಲಸ ಮುಗಿಸು ಅನ್ನಬಹುದು, ಎರಡೂ ಮಾಡದಿದ್ದರೆ ಮೂರು ತಿಂಗಳ ತನಕ ಜೈಲು. ಸಾಲ ತೀರಿಸದ ಸಾಹುಕಾರನಿಗೆ ಸಿವಿಲ್ ಕೋರ್ಟು, ಕೂಲಿಯವನಿಗೆ ಜೈಲು. ಇದು ರದ್ದಾದದ್ದು 1925ರಲ್ಲಿ. ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಾಲೆ ಕೊಡಬೇಕು ಅಂತ ಕಾಯ್ದೆ ಬರಲು 1951 ಆಗಬೇಕಾಯಿತು.

ಮೂಡಿಗೆರೆ ಮಳೆ
ಎಲ್ಲ ತೋಟದಲ್ಲೂ ಡಬ್ಬ ಕುಲುಕುತ್ತಿದ್ದರು ಅಂತ ಬರೆಯಬೇಡಿ. ಕೆಳಗಿನಿಂದ ಬಂದು ಇಲ್ಲೇ ನೆಲೆ ನಿಂತು ಜಾಗ ಮಾಡಿಕೊಂಡವರು ಎಷ್ಟು ಜನ ಇಲ್ಲ? ನಮ್ಮ ಮೂಡಿಗೆರೆ, ಕೊಪ್ಪ, ಕಳಸ ಪೇಟೆಗಳಲ್ಲಿ ಇವತ್ತಿಗೂ ಅರ್ಧ ಮಾತು ತುಳು, ಕೊಂಕಣಿ. ಊರಲ್ಲೇ ಚೆನ್ನಾಗಿದ್ದರೆ ಯಾಕೆ ಬರುತ್ತಿದ್ದರು?

ನಾವೂರು ಪುಳ್ಳಿ
ಊರಲ್ಲಿ ಚೆನ್ನಾಗಿತ್ತು ಅಂತ ನಾನು ಎಲ್ಲಿ ಹೇಳಿದೆ ಅಣ್ಣ? ನಮ್ಮವರು ಮೂಲದಾಳುಗಳು, ಧಣಿಯ ಜಮೀನಿಗೆ ತಲೆತಲಾಂತರ ಕಟ್ಟುಬಿದ್ದವರು. ಧಣಿಯ ಗದ್ದೆ ಬಿಟ್ಟು ಹೋಗುವ ಹಾಗಿಲ್ಲ. 1843ರಲ್ಲೇ ಗುಲಾಮಗಿರಿಗೆ ಕಾನೂನಿನ ಬಲ ಇಲ್ಲ ಅಂತ ಆಯಿತು, ಆದರೆ ಸಾಲದ ಹಗ್ಗ ಹಾಗೇ ಇತ್ತು. ಮೇಸ್ತ್ರಿ ಬಂದು ಧಣಿಯ ಸಾಲ ತೀರಿಸಿ ಕರೆದುಕೊಂಡು ಹೋದದ್ದೂ ಉಂಟು. ಘಟ್ಟದಲ್ಲಿ ಕಡೇ ಪಕ್ಷ ಕೂಲಿ ಅಂತ ನಾಣ್ಯ ಕೈಗೆ ಬರುತ್ತಿತ್ತು, ಅಂಗಳದ ಹೊರಗೆ ನಿಂತು ಗಂಜಿ ಬೇಡಬೇಕಾಗಿರಲಿಲ್ಲ ಅಂತ ಅಜ್ಜ ಹೇಳುತ್ತಿದ್ದರು. ಅಜ್ಜಿ ಮಾತ್ರ ಒಪ್ಪುತ್ತಿರಲಿಲ್ಲ. ಧಣಿ ಬದಲಾದದ್ದು ಅಷ್ಟೇ ಅಂತ ಅವರ ವಾದ. ಇಬ್ಬರೂ ಇದೇ ವಿಷಯಕ್ಕೆ ಜಗಳ ಆಡುತ್ತಿದ್ದರು.

ಅಡಿಕೆ ಮರ
ಈ ಕಡೆಯ ಧಣಿಗಳಿಗೂ ಘಟ್ಟದ ಮೇಲೆ ಸಿಟ್ಟಿತ್ತು. ಆಳುಗಳೆಲ್ಲ ಮೇಲೆ ಹೋಗುತ್ತಾರೆ, ಸುಗ್ಗಿ ಬೇಸಾಯಕ್ಕೆ ಜನ ಇಲ್ಲ ಅಂತ ನಮ್ಮ ಹಿರಿಯರು ಗೊಣಗುತ್ತಿದ್ದದ್ದು ನನಗೂ ನೆನಪುಂಟು. ಕೂಲಿ ಜಾಸ್ತಿ ಕೊಡೋಣ ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಿರ್ವಾಹಕ
ಜಾತಿ ಹೆಸರು ಎತ್ತಿ ಬೈದ ಎರಡು ಉತ್ತರ ತೆಗೆದಿದ್ದೇನೆ. ವಿಷಯ ಒಳ್ಳೆಯದುಂಟು, ಹಾಳು ಮಾಡಬೇಡಿ.

ಧಕ್ಕೆ ಬದಿ
ಸರಿ, ಮೇಲಿನಿಂದ ಇಳಿದ ಕಾಫಿಯ ಕತೆ ನಾನು ಹೇಳುತ್ತೇನೆ. ನಮ್ಮ ಅಪ್ಪ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಇದ್ದವರು.

ಮೊದಲು ಎಲ್ಲ ಎತ್ತಿನ ಗಾಡಿ. ಚಾರ್ಮಾಡಿಯಿಂದ, ಸಂಪಾಜೆಯಿಂದ ಬಂದರಿಗೆ. ವಿರಾಜಪೇಟೆ ಕಡೆಯದ್ದು ತಲಶ್ಶೇರಿಗೆ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕಲ್ಲಿಕೋಟೆ ಕಡೆಯಿಂದ. ಇಲ್ಲಿಂದ ಹಾಸನಕ್ಕೆ ರೈಲು ದಾರಿ ಆದದ್ದು 1979ರಲ್ಲಿ. ಹಾಗಾಗಿ ಕಾಫಿಗೆ ರೈಲು ಸಿಗಲೇ ಇಲ್ಲ ಅನ್ನಿ, ಗಾಡಿ ಹೋಗಿ ಲಾರಿ ಬಂತು. ಪಿಯರ್ಸ್ ಲೆಸ್ಲಿ, ಆಸ್ಪಿನ್‌ವಾಲ್ ಇವೆಲ್ಲ ಕಲ್ಲಿಕೋಟೆ, ಕೊಚ್ಚಿಯಲ್ಲಿ 1860ರ ದಶಕದಲ್ಲಿ ಹುಟ್ಟಿ ಇಲ್ಲಿ ಬೇರು ಬಿಟ್ಟ ಕಂಪನಿಗಳು. ತೋಟದಲ್ಲಿ ಮಳೆಮೋಡ, ಮಂಜು. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಸಿಪ್ಪೆ ಇರುವ ಕಾಳು, ಸರಿ ಒಣಗಬೇಕಾದರೆ ಕೆಳಗೆ ನಮ್ಮ ಬಿಸಿಲೇ ಬೇಕು. ಇಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಜರಡಿಯಲ್ಲಿ ಎ, ಬಿ, ಪಿಬಿ (ಒಂಟಿ ದುಂಡು ಕಾಳು) ಅಂತ ಬೇರೆ ಮಾಡಿ ಗೋಣಿಗೆ ತುಂಬುವುದು. ಕೆಟ್ಟ ಕಾಳು ಆರಿಸುವ ಕೆಲಸ ಎಲ್ಲ ಹೆಂಗಸರದ್ದು, ಸಾಲಾಗಿ ಕೂತು.

ಮಗಳಿಗೆ ಮಾತ್ರ ಮಾನ್ಸೂನ್ಡ್ ಮಲಬಾರ್ ವಿಷಯ ಬರೆಸಲೇಬೇಕು. ಹಾಯಿ ಹಡಗಿನ ಕಾಲದಲ್ಲಿ ಆಫ್ರಿಕಾ ಸುತ್ತಿ ಯುರೋಪು ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಸಮುದ್ರದ ತೇವಕ್ಕೆ ಹಡಗಿನ ಹೊಟ್ಟೆಯಲ್ಲಿದ್ದ ಹಸಿರು ಕಾಫಿ ಉಬ್ಬಿ ಹಳದಿಯಾಗುತ್ತಿತ್ತು, ಹುಳಿ ಹೋಗುತ್ತಿತ್ತು. ಅಲ್ಲಿನವರು ಅದೇ ರುಚಿಗೆ ಒಗ್ಗಿಬಿಟ್ಟರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗು ಬಂತು, ಕಾಫಿ ಬೇಗ ಮುಟ್ಟಿತು. ಆಗ ಅವರ ತಕರಾರು, ಇದು ನಮ್ಮ ಕಾಫಿ ಅಲ್ಲ ಅಂತ! ಅದಕ್ಕೆ ಕರಾವಳಿಯಲ್ಲೇ ಮಳೆಗಾಲದಲ್ಲಿ ಹಳೆ ಹಡಗಿನ ಹವೆ ಮಾಡಿಕೊಟ್ಟರು. ಜೂನಿನಿಂದ ಸೆಪ್ಟೆಂಬರ್ ತನಕ, ಬದಿ ತೆರೆದ ಗೋಡೌನಿನಲ್ಲಿ ನಾಲ್ಕಾರು ಇಂಚು ದಪ್ಪಕ್ಕೆ ಚೆರ್ರಿ ಕಾಫಿ, ಅಂದರೆ ಇಡೀ ಹಣ್ಣು ಒಣಗಿಸಿ ಸಿಪ್ಪೆ ತೆಗೆದ ಕಾಳು, ಹರಡುವುದು. ಪಡುಗಾಳಿ ಒಳಗೆ ಬರಬೇಕು, ಮಳೆ ಹನಿ ಬೀಳಬಾರದು. ದಿನಕ್ಕೆ ಎಷ್ಟೋ ಸಲ ಕುಂಟೆ ಎಳೆದು ತಿರುವುದು. ಆಮೇಲೆ ಸಡಿಲ ಗೋಣಿಗೆ ತುಂಬಿ ಗಾಳಿಗೆ ಸಾಲು ಇಡುವುದು, ಮತ್ತೆ ಸುರಿಯುವುದು, ಮತ್ತೆ ತುಂಬುವುದು. ಕಾಳು ನೆನೆಸಿದ ಕಡಲೆಯ ಹಾಗೆ ಉಬ್ಬಿ ಬಣ್ಣ ಬದಲಾಗುತ್ತದೆ. ಅಪ್ಪ ಮಳೆಗಾಲದಲ್ಲಿ ಮನೆಗೆ ಬಂದರೆ ಅಂಗಿಗೆ ಒದ್ದೆ ಗೋಣಿಯ ವಾಸನೆ. ಈಗ ಅದಕ್ಕೆ ಭೌಗೋಳಿಕ ಸೂಚಕ ಪಟ್ಟವೂ ಉಂಟು.

ಕುಂದಾಪ್ರದ ಮಾಣಿ
ನಮ್ಮ ಮನೆಯ ಅಕ್ಕಿ, ಹಪ್ಪಳ, ಚಪ್ಪಲಿ ಎಲ್ಲ ಪ್ರತಿ ವರ್ಷ ಮಾನ್ಸೂನ್ಡ್ ಆಗುತ್ತದೆ, ಯಾರೂ ಪಟ್ಟ ಕೊಡಲಿಲ್ಲ.

ಬೀಜದ ಫ್ಯಾಕ್ಟರಿ ಮಗಳು
ಆರಿಸುವ ಹೆಂಗಸರು ಅಂದಾಗ ನೆನಪಾಯಿತು. ಗೇರು ತೋಟದ ಬೆಳೆ ಆಗದಿದ್ದರೂ ಫ್ಯಾಕ್ಟರಿಯ ಕತೆ ಪೂರ್ತಿ ಅದೇ ಕಾಲದ್ದು. 1920ರ ದಶಕದಲ್ಲಿ ಅಮೆರಿಕಕ್ಕೆ ತಿರುಳು ಹೋಗಲು ಶುರುವಾಯಿತು. ಊರ ಬೀಜ ಸಾಕಾಗದೆ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತರಿಸಿದರು. ಪೋರ್ಚುಗೀಸರು ಮೊಜಾಂಬಿಕ್‌ಗೆ ಒಯ್ದು ನೆಟ್ಟದ್ದೂ ಇದೇ ಗೇರು. ಈಗಲೂ ನಮ್ಮ ಕಾರ್ಖಾನೆಗಳು ನಡೆಯುವುದು ಬಹುಪಾಲು ಆಫ್ರಿಕಾದ ಬೀಜದ ಮೇಲೆ.

ನಮ್ಮ ಅಮ್ಮ ಕಾರ್ಕಳದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಿದ್ದರು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಬೂದಿ ಹಚ್ಚಿಕೊಂಡು ಕೂರುವುದು. ಆದರೂ ಬೆರಳ ತುದಿ ಕಪ್ಪು, ಮದುವೆ ಮನೆಗೆ ಹೋದರೆ ಸೆರಗಿನೊಳಗೆ ಕೈ ಇಟ್ಟುಕೊಳ್ಳುತ್ತಿದ್ದರು. ಒಡೆದದ್ದು ಇಡೀ ತಿರುಳಾಗಿ ಬಂದರೆ ಒಳ್ಳೆ ದುಡ್ಡು, ತುಂಡಾದರೆ ಕಡಿಮೆ. ಅಂಗಡಿಯಲ್ಲಿ ಡಬ್ಲ್ಯೂ 320 ಅಂತ ಕೇಳಿ ಕೊಳ್ಳುತ್ತೀರಲ್ಲ, ಒಂದು ಪೌಂಡಿಗೆ 320ರ ತನಕ ಇಡೀ ಬೀಜ ಅಂತ ಲೆಕ್ಕ. ಬ್ರಿಟಿಷರು ಹೋದರೂ ಅವರ ಪೌಂಡ್ ನಮ್ಮ ಗೇರುಬೀಜ ಬಿಟ್ಟು ಹೋಗಲಿಲ್ಲ.

ಅಡಿಕೆ ಮರ
ಹಾಗೆ ನೋಡಿದರೆ ಹಂಚೂ ಇದೇ ಕತೆಗೆ ಸೇರುತ್ತದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಮಾಡಿದರು. ಘಟ್ಟದ ಬಂಗಲೆಗಳ ಮೇಲೆ ಇರುವುದು ನಮ್ಮ ನೇತ್ರಾವತಿ ಮಣ್ಣಿನ ಹಂಚು. ಹಂಚು ಹೇರಿಕೊಂಡು ಹೋದ ಗಾಡಿ ಬರುವಾಗ ಕಾಫಿ ತಂದಿರಬೇಕು.

ಚಾರ್ಮಾಡಿ ತಿರುವು
ಬಾಸೆಲ್ ಮಿಷನ್‌ಗೆ ಕಾಫಿ ನಂಟೂ ಇತ್ತು. ಮಂಗಳೂರಿನ ಹರ್ಮನ್ ಕೌಂಡಿನ್ಯ, ಇಲ್ಲಿಯ ಸಾರಸ್ವತ ಮನೆಯಲ್ಲಿ ಹುಟ್ಟಿ 1844ರಲ್ಲಿ ಕ್ರೈಸ್ತರಾದವರು, ಕೊಡಗಿನ ಆನಂದಪುರದಲ್ಲಿ ಕಾಫಿ ತೋಟ ಮಾಡಿ ಮತಾಂತರವಾದ ದಲಿತರಿಗೆ ಅಲ್ಲಿ ನೆಲೆ ಕೊಟ್ಟರು. ತೋಟ ಅಂದರೆ ಬಿಳಿ ದೊರೆ ಮಾತ್ರ ಅಂದುಕೊಳ್ಳಬೇಡಿ.

ಕುಂದಾಪ್ರದ ಮಾಣಿ
ಒಂದು ಪುಟ ಅಂದಿದ್ದರು ಟೀಚರ್. ಈಗ ಪಿಎಚ್‌ಡಿ ಆಗುವ ಲಕ್ಷಣ ಉಂಟು.

ಸುಳ್ಯದ ಹಾಲು
ಯಾರೂ ಸುಳ್ಯದ ರಬ್ಬರ್ ಹೇಳಲೇ ಇಲ್ಲ! ನಮ್ಮಲ್ಲಿ ಇರುವುದು ಬ್ರಿಟಿಷರ ತೋಟ ಅಲ್ಲ, ಆದರೆ ಬ್ರಿಟಿಷರ ತೋಟದಿಂದ ಹೊರಬಿದ್ದವರ ತೋಟ.

ಬ್ರಿಟಿಷರು ತಮಿಳುನಾಡಿನಿಂದ ಸಿಲೋನಿಗೆ ಜನ ಒಯ್ದರು, ಮೊದಲು ಕಾಫಿಗೆ, ಆಮೇಲೆ ಚಹಾಕ್ಕೆ. ಮೂರು ನಾಲ್ಕು ತಲೆಮಾರು ಅಲ್ಲೇ ದುಡಿದರು. 1948ರಲ್ಲಿ ಸಿಲೋನ್ ಸ್ವತಂತ್ರ ಆದ ಕೂಡಲೇ ಬಂದ ಪೌರತ್ವ ಕಾಯ್ದೆಯಲ್ಲಿ ಇವರು ಯಾರೂ ಪ್ರಜೆಗಳಲ್ಲ ಅಂತ ಆಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಕೂತು ಲೆಕ್ಕ ಮಾಡಿದರು. 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ, ಉಳಿದ 1,50,000 ಆಮೇಲೆ ನೋಡೋಣ. 1974ರಲ್ಲಿ ಅವರನ್ನೂ ಅರ್ಧ ಅರ್ಧ ಹಂಚಿಕೊಂಡರು. ಹಾಗೆ ಬಂದವರಲ್ಲಿ ಕೆಲವು ಸಂಸಾರಗಳು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ನೆಡುತೋಪಿಗೆ ಬಂದವು. ಚಹಾ ಚಿಗುರು ಚಿವುಟಿದ ಕೈಗೆ ರಬ್ಬರ್ ಕತ್ತಿ.

ನಮ್ಮ ಶಾಲೆಯಲ್ಲಿ ಅವರ ಮಕ್ಕಳು ನಮ್ಮ ಜೊತೆಗೇ ಓದಿದವರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇವತ್ತಿಗೂ ಊರಲ್ಲಿ ಸಿಲೋನಿನವರು ಅಂತಲೇ ಕರೆಯುವುದು. ಅವರಲ್ಲಿ ಈಗ ಇರುವ ಎಷ್ಟೋ ಮಂದಿ ಸಿಲೋನ್ ನೋಡಿಯೇ ಇಲ್ಲ.

ನಾವೂರು ಪುಳ್ಳಿ
ಇದನ್ನು ನಾನು ಓದಿರಲಿಲ್ಲ. ನಸುಕಿಗೆ ಎದ್ದು ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್‌ಗೆ ಹೋಗುವವರನ್ನು ಬಸ್ಸಿನಿಂದ ನೋಡಿದ್ದೇನೆ, ಇಷ್ಟು ಗೊತ್ತಿರಲಿಲ್ಲ.

ಮೂಡಿಗೆರೆ ಮಳೆ
ರಬ್ಬರಿನ ಕತೆಯೂ ಕಳ್ಳತನದ್ದೇ ಅನ್ನಿ. 1876ರಲ್ಲಿ ವಿಕ್‌ಹ್ಯಾಮ್ ಎಂಬವ ಬ್ರೆಜಿಲಿನಿಂದ ಎಪ್ಪತ್ತು ಸಾವಿರದಷ್ಟು ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತದ್ದು ಸ್ವಲ್ಪ, ಅದರಿಂದಲೇ ಏಷ್ಯಾದ ರಬ್ಬರ್ ಎಲ್ಲ.

ಕೊಡಿಯಾಲದಮ್ಮ
ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಡಬ್ಬ ಕುಲುಕಿದ್ದನ್ನು ಬರೆಯಬಹುದಾ ಅಂತ ಪುಳ್ಳಿಯವರನ್ನು ಕೇಳು ಅಂತಾಳೆ. ಹೆಸರು ಹಾಕುವುದಿಲ್ಲ.

ನಾವೂರು ಪುಳ್ಳಿ
ಧಾರಾಳ ಬರೆಯಲಿ.

ಅಡಿಕೆ ಮರ
ಮೂಡಿಗೆರೆಯವರು ಇರುವಾಗಲೇ ಒಂದು ಕೇಳಿಬಿಡುತ್ತೇನೆ. ನಮ್ಮ ಕಡೆ ಈಗ ಅಡಿಕೆಗೆ ಎಲೆಚುಕ್ಕಿ, ಸುಳ್ಯದ ಆಚೆ ಹಳದಿ ಎಲೆ ರೋಗ. ತುಂಬ ಜನ ಅಡಿಕೆಯ ನಡುವೆ ರೋಬಸ್ಟಾ ಕಾಫಿ ಹಾಕುತ್ತಿದ್ದಾರೆ. ನಾನೂ ಹಾಕೋಣ ಅಂತ ಇದ್ದೇನೆ. ಕೆಳಗೆ ನಿಜಕ್ಕೂ ಆಗುತ್ತದಾ?

ಮೂಡಿಗೆರೆ ಮಳೆ
ಅರೇಬಿಕಾ ಬೇಡ. ರೋಬಸ್ಟಾ, ಅದರಲ್ಲೂ ಸಿ ಇಂಟು ಆರ್ (ಕಾಂಜೆನ್ಸಿಸ್, ರೋಬಸ್ಟಾ ಬೆರಕೆ) ತಳಿ ಆಗಬಹುದು, ಗಿಡ ಗಿಡ್ಡ, ಅಡಿಕೆ ನಡುವೆ ಹಿಡಿಸುತ್ತದೆ. ಗಿಡ ಕಾಫಿ ಬೋರ್ಡಿನವರಲ್ಲಿ ಮೊದಲೇ ಹೇಳಿಡಿ. ಒಂದೇ ಗಿಡದ ಕಡ್ಡಿಯಿಂದ ಮಾಡಿದ್ದನ್ನು ತೋಟ ಪೂರ್ತಿ ಹಾಕಬೇಡಿ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ನಾವು ಆಕಾಶ ನೋಡುತ್ತೇವೆ, ನಿಮಗೆ ಹೇಗೂ ಸ್ಪ್ರಿಂಕ್ಲರ್ ಉಂಟು. ಚಿಗುರು ತೆಗೆಯುವ ಕೆಲಸಕ್ಕೆ ಮಾತ್ರ ಕೈಗೊಂದು ಜನ ಬೇಕು.

ಧಕ್ಕೆ ಬದಿ
ಈಗ ಘಟ್ಟಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಜನ ಬರುತ್ತಾರಂತೆ. ಅಲ್ಲೂ ಮುಂಗಡವೇ ಅಂತ ಕೇಳಿದೆ.

ಮೂಡಿಗೆರೆ ಮಳೆ
ಮುಂಗಡ ಕೊಡದೆ ಯಾರೂ ಬರುವುದಿಲ್ಲ ಅಣ್ಣ. ತೆಗೆದುಕೊಂಡು ಬಾರದವರೂ ಉಂಟು, ನಮಗೆ 1859ರ ಕಾಯ್ದೆ ಇಲ್ಲವಲ್ಲ.

ನಾವೂರು ಪುಳ್ಳಿ
ಇಲ್ಲದ್ದೇ ಒಳ್ಳೆಯದಾಯಿತು.

ಸುಳ್ಯದ ಹಾಲು
ಅಡಿಕೆ ಮರ ಅಣ್ಣ, ಗಿಡ ಎಲ್ಲ ಸರಿ, ಒಣಗಿಸುವುದು ಎಲ್ಲಿ? ರೋಬಸ್ಟಾ ಹಣ್ಣಾಗುವುದು ಜನವರಿ, ಫೆಬ್ರವರಿ. ಆ ಹೊತ್ತಿಗೆ ನಿಮ್ಮ ಅಂಗಳ ಪೂರ್ತಿ ಅಡಿಕೆ.

ಅಡಿಕೆ ಮರ
ಅದೇ ತಲೆಬಿಸಿ. ಮನೆಯವಳೂ ಅದನ್ನೇ ಕೇಳಿದ್ದು. ಟೆರೇಸು ಉಂಟು, ಅಲ್ಲಿ ಈಗಲೇ ಕೊಬ್ಬರಿ.

ಮೂಡಿಗೆರೆ ಮಳೆ
ಮೊದಲ ಎರಡು ಫಸಲು ಹಸಿ ಹಣ್ಣೇ ಮಾರಿ. ಅಳೆಯುವಾಗ ತೂಕದ ಯಂತ್ರ ನಿಮ್ಮದೇ ಇರಲಿ.